ವಿಮಾನಚಿತ್ರವೂ ಅದರ ಪ್ರಮಾಣವೂ

ಕೆರೆಯ ಒತ್ತುವರಿಯಾಗಲಿ, ಹೊಳೆಯ ನೆರೆಯಾಗಲಿ, ಗಣಿಯ ಅತಿಕ್ರಮವಾಗಲಿ, ಗ್ರಾಮಠಾಣದ ಎರಡು ಮನೆಗಳ ನಡುವಣ ಗೋಡೆಯ ತಕರಾರಾಗಲಿ, ನೆಲಕ್ಕೆ ಸಂಬಂಧಪಟ್ಟ ಯಾವ ವ್ಯಾಜ್ಯ ಸಾರ್ವಜನಿಕರ ಮುಂದೆ ಬಂದರೂ ಈಚೆಗೆ ಮೊಟ್ಟಮೊದಲು ಮೇಜಿನ ಮೇಲೆ ಬಂದು ಬೀಳುವುದು ಆಕಾಶದಿಂದ ತೆಗೆದ ಒಂದು ಛಾಯಾಚಿತ್ರ. ಅದನ್ನು ಕಂಡೊಡನೆ ವಾದ ಅರ್ಧ ಮುಗಿದಂತಾಗುತ್ತದೆ. ಏತಕ್ಕೆಂದರೆ ಸಾಕ್ಷಿಗಳು ಸುಳ್ಳು ಹೇಳಬಹುದು, ದಸ್ತಾವೇಜುಗಳನ್ನು ತಿದ್ದಬಹುದು, ಮೇಲಿನಿಂದ ನೋಡಿದ ಕಣ್ಣಿಗೆ ಮಾತ್ರ ಪಕ್ಷಪಾತವಿಲ್ಲವೆಂಬ ನಂಬಿಕೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಚಿತ್ರದ ಕೆಳಗೆ ಇಷ್ಟು ಎಕರೆ ಇಷ್ಟು ಗುಂಟೆ ಎಂಬ ಅಂಕಿಯೊಂದು ಇರುತ್ತದೆ. ಆ ಅಂಕಿ ಆ ಚಿತ್ರದೊಳಗಿಂದ ಹೇಗೆ ಹೊರಟಿತೆಂಬುದನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅದನ್ನು ಕೇಳಲೇಬೇಕು, ಕೇಳಿದವನಿಗೆ ಉತ್ತರ ದೊರೆಯಲೇಬೇಕು, ಉತ್ತರವಿಲ್ಲದ ಚಿತ್ರವನ್ನು ಅಳತೆಯೆಂದು ಒಪ್ಪಿಕೊಳ್ಳಕೂಡದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಗಳನ್ನು ಒಮ್ಮೆ ನೆನೆದುಕೊಳ್ಳುವುದು ಒಳ್ಳೆಯದು. ಅವು 7,920ಕ್ಕೆ ಒಂದರ ಪ್ರಮಾಣದಲ್ಲಿ ರಚಿತವಾದುವು. ಎಂದರೆ ಕಾಗದದ ಮೇಲಿನ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ, ಅಂದರೆ ಸರ್ವೆಯವರ 33 ಅಡಿಯ ಸರಪಳಿಯಲ್ಲಿ ಸರಿಯಾಗಿ 20 ಸರಪಳಿ. ಆ ಸರಪಳಿಯ ಹದಿನಾರನೆಯ ಒಂದು ಪಾಲಿಗೆ ಆಣೆಯೆಂದು ಹೆಸರು; ಒಂದು ಚದರ ಸರಪಳಿಗೆ ಒಂದು ಗುಂಟೆ; ನಲವತ್ತು ಗುಂಟೆಗೆ ಒಂದು ಎಕರೆ. ಹೀಗೆ ಲೆಕ್ಕ ಹಾಕಿದರೆ ನಕ್ಷೆಯ ಒಂದು ಚದರ ಅಂಗುಲವು ಹೆಚ್ಚೂ ಇಲ್ಲದೆ ಕಡಮೆಯೂ ಇಲ್ಲದೆ ಹತ್ತು ಎಕರೆಯಾಗುತ್ತದೆ. ಈ ಏರ್ಪಾಟನ್ನು ಯೋಚಿಸಿದವನು ಯಾವನೇ ಇರಲಿ, ಅವನು ರೈತನ ಕೈಗೆ ನಿಲುಕುವ ಗಣಿತವನ್ನೇ ನಕ್ಷೆಯೊಳಗೆ ಹೊಲಿದಿದ್ದಾನೆ. ಅದಕ್ಕಿಂತಲೂ ಮುಖ್ಯವಾದುದೆಂದರೆ, ಆ ಪ್ರಮಾಣವು ಹಾಳೆಯ ಈ ಮೂಲೆಗೂ ಆ ಮೂಲೆಗೂ, ತಗ್ಗಿಗೂ ದಿಬ್ಬಕ್ಕೂ ಒಂದೇ ಆಗಿರುತ್ತದೆ. ನಕ್ಷೆಯೆಂದರೆ ಪ್ರತಿಯೊಂದು ಬಿಂದುವನ್ನೂ ಅದರ ನೆತ್ತಿಯ ಮೇಲೆಯೇ ನಿಂತು ನೋಡಿದಂತೆ ಬರೆದ ಚಿತ್ರ. ಛಾಯಾಚಿತ್ರ ಹಾಗಲ್ಲ, ಅದು ಆಕಾಶದ ಒಂದೇ ಒಂದು ಬಿಂದುವಿನಲ್ಲಿ ನಿಂತು ಸುತ್ತಲಿನ ಎಲ್ಲವನ್ನೂ ನೋಡಿದ ನೋಟ. ಕೆಡುಕೆಲ್ಲ ಮೊಳೆಯುವುದು ಈ ಭೇದವನ್ನು ಮರೆತಾಗ.

ಆಶ್ಚರ್ಯದ ವಿಷಯವೇನೆಂದರೆ, ಈ ಕಲೆಯ ಹುಟ್ಟಿನಲ್ಲಿಯೇ ಜಮೀನಿನ ಅಳತೆಯ ಆಸೆ ಬೆರೆತುಕೊಂಡಿತ್ತು. ಪ್ಯಾರಿಸಿನ ಛಾಯಾಗ್ರಾಹಕ ನಾದಾರ್ ಎಂಬಾತನು ಬೆಲೂನಿನಿಂದ ಚಿತ್ರ ತೆಗೆದು ಅದರಿಂದ ಭೂಮಾಪನ ಮಾಡಬಹುದೆಂಬ ಕಲ್ಪನೆಗೆ ಹಕ್ಕುಪತ್ರ ಪಡೆದು, 1858ರಲ್ಲಿ ನಗರದ ಹೊರವಲಯದ ಹಳ್ಳಿಯೊಂದರ ಮೇಲೆ ಬೆಲೂನಿನಲ್ಲಿ ಏರಿ ಚಿತ್ರ ತೆಗೆದನು. ಆ ಚಿತ್ರ ಇಂದು ಉಳಿದಿಲ್ಲ. ಉಳಿದಿರುವುದರಲ್ಲಿ ಅತ್ಯಂತ ಹಳೆಯದು 1860ರಲ್ಲಿ ಬಾಸ್ಟನ್ ನಗರದ ಮೇಲೆ ಬ್ಲ್ಯಾಕ್ ಎಂಬಾತನು ತೆಗೆದದ್ದು. ನಾದಾರನ ಆಸೆ ಆತನ ಕಾಲದಲ್ಲಿ ಕೈಗೂಡಲಿಲ್ಲ. ಚಿತ್ರ ತೆಗೆಯುವುದು ಸುಲಭವಾದ ಎಷ್ಟೋ ವರ್ಷಗಳ ತರುವಾಯವೂ ಅದರಿಂದ ಅಳತೆ ಹಿಂಡುವುದು ಕಷ್ಟವಾಗಿಯೇ ಉಳಿಯಿತು.

ಆದರೂ ಮೂಲಸೂತ್ರ ಬಹು ಸರಳವಾದುದು. ನಮ್ಮ ಹತ್ತನೆಯ ತರಗತಿಯ ಹುಡುಗಹುಡುಗಿಯರು ಕಲಿಯುವ ಸಮರೂಪ ತ್ರಿಭುಜಗಳ ಪಾಠಕ್ಕಿಂತ ಹೆಚ್ಚಿನದೇನನ್ನೂ ಅದು ಬೇಡುವುದಿಲ್ಲ. ಕ್ಯಾಮೆರಾದ ಮಸೂರದಿಂದ ಫಿಲ್ಮಿನವರೆಗೆ ಇರುವ ಸಂಗಮದೂರ ಒಂದು ತ್ರಿಭುಜದ ಎತ್ತರ. ಮಸೂರದಿಂದ ನೆಲದವರೆಗೆ ಇರುವ ಅಂತರ ಇನ್ನೊಂದು ತ್ರಿಭುಜದ ಎತ್ತರ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಚಿತ್ರದ ಪ್ರಮಾಣ. ಭೂಮಾಪನದ ವಿಮಾನಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕ್ಯಾಮೆರಾದ ಸಂಗಮದೂರ 152 ಮಿಲಿಮೀಟರು, ಅಂದರೆ ಆರು ಅಂಗುಲ. ಚಿತ್ರದ ಹಾಳೆ 23 ಸೆಂಟಿಮೀಟರಿನ ಚೌಕ. ನೆಲದಿಂದ 3,040 ಮೀಟರು ಮೇಲೆ ಹಾರುತ್ತ ಚಿತ್ರ ತೆಗೆದರೆ ಪ್ರಮಾಣ ಸರಿಯಾಗಿ 20,000ಕ್ಕೆ ಒಂದು. ಚಿತ್ರದ ಒಂದು ಸೆಂಟಿಮೀಟರಿಗೆ ನೆಲದ ಮೇಲೆ 200 ಮೀಟರು.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಕಾರಣವಿರುತ್ತಿರಲಿಲ್ಲ. ಫಿಲ್ಮಿನ ಕಾಲದ ವಿಮಾನಚಿತ್ರವೊಂದನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತಿರುತ್ತದೆ, ಅದರ ಅಂಚಿನ ಕಪ್ಪು ಪಟ್ಟಿಯಲ್ಲಿ ಸಾಲಾಗಿ ಕೆಲವು ಪುಟ್ಟ ಬಿಲ್ಲೆಗಳು ಮೂಡಿರುತ್ತವೆ: ಒಂದರಲ್ಲಿ ಗಡಿಯಾರ, ಇನ್ನೊಂದರಲ್ಲಿ ಕ್ಯಾಮೆರಾ ವಾಲಿತ್ತೇ ಎಂಬುದನ್ನು ತೋರಿಸುವ ರಸಮಟ್ಟದ ಗುಳ್ಳೆ, ಮತ್ತೊಂದರಲ್ಲಿ ಎತ್ತರಮಾಪಕದ ಮುಳ್ಳು, ಪಕ್ಕದಲ್ಲಿ ಸಂಗಮದೂರದ ಅಂಕಿ. ಸಂಗಮದೂರವೂ ಇದೆ, ಎತ್ತರವೂ ಇದೆ, ಭಾಗಿಸಿದರೆ ಮುಗಿಯಿತು ಎಂದು ಅವಸರಪಡುವವನಿಗೆ ಇಲ್ಲಿಯೇ ಕೇಡು ಕಾದಿದೆ. ಎತ್ತರಮಾಪಕ ಹೇಳುವುದು ಸಮುದ್ರಮಟ್ಟದಿಂದ ಇರುವ ಎತ್ತರವನ್ನು. ಸೂತ್ರ ಕೇಳುವುದು ಕೆಳಗಿನ ನೆಲದಿಂದ ಇರುವ ಎತ್ತರವನ್ನು. ಕರಾವಳಿಯಲ್ಲಿ ಈ ಎರಡಕ್ಕೂ ವ್ಯತ್ಯಾಸ ಅಲ್ಪ. ಬೆಂಗಳೂರಿನ ಪ್ರಸ್ಥಭೂಮಿಯಾದರೋ ಸಮುದ್ರದಿಂದ ಸುಮಾರು 920 ಮೀಟರು ಮೇಲಿದೆ. ಮುಳ್ಳು 3,960 ಮೀಟರು ತೋರಿಸುತ್ತಿರುವಾಗ ವಿಮಾನ ಬೆಂಗಳೂರಿನ ನೆಲದಿಂದ ಇರುವುದು 3,040 ಮೀಟರು ಮಾತ್ರ, ಪ್ರಮಾಣ 20,000ಕ್ಕೆ ಒಂದು. ನೆಲದ ಎತ್ತರವನ್ನು ಕಳೆಯಲು ಮರೆತವನಿಗೆ 26,000ಕ್ಕೆ ಒಂದು ಎಂದು ಬರುತ್ತದೆ. ಉದ್ದದಲ್ಲಿ ಇದು ನೂರಕ್ಕೆ ಮೂವತ್ತರ ತಪ್ಪು. ವಿಸ್ತೀರ್ಣದಲ್ಲಿ ತಪ್ಪು ವರ್ಗವಾಗಿ ಬೆಳೆಯುವುದರಿಂದ ಅದು ನೂರಕ್ಕೆ ಎಪ್ಪತ್ತರ ಹತ್ತಿರಕ್ಕೆ ಹೋಗುತ್ತದೆ. ಹತ್ತು ಎಕರೆಯ ಕೆರೆ, ಒಂದು ವ್ಯವಕಲನವನ್ನು ಬಿಟ್ಟ ಮಾತ್ರಕ್ಕೆ, ಹದಿನೇಳು ಎಕರೆಯಾಗಿ ಹಿಗ್ಗಿಬಿಡುತ್ತದೆ. ಕೆರೆಯ ಅಂಚಿನಲ್ಲಿ ತಲೆತಲಾಂತರದಿಂದ ಉಳುತ್ತಿದ್ದವನು ರಾತ್ರಿ ಬೆಳಗಾಗುವುದರಲ್ಲಿ ಒತ್ತುವರಿದಾರನಾಗುತ್ತಾನೆ.

ನೆಲದ ಎತ್ತರವನ್ನು ಕಳೆದವನೂ ಪೂರ್ಣವಾಗಿ ಪಾರಾದನೆಂದು ಹೇಳುವಂತಿಲ್ಲ, ಏಕೆಂದರೆ ಯಾವ ನೆಲದ ಎತ್ತರವನ್ನು ಕಳೆಯುವುದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಮೇಲೆ ಹೇಳಿದ ವಿಮಾನವೇ ಅದೇ ಎತ್ತರದಲ್ಲಿ ನಂದಿಬೆಟ್ಟದ ಮೇಲೆ ಹಾದುಹೋಗುತ್ತಿದೆಯೆಂದು ಭಾವಿಸೋಣ. ಬೆಟ್ಟದ ನೆತ್ತಿ ಸಮುದ್ರದಿಂದ 1,478 ಮೀಟರು. ಸುತ್ತಲಿನ ಬಯಲು 920 ಎಂದೇ ಇಟ್ಟುಕೊಳ್ಳೋಣ. ಬಯಲಿನ ಪ್ರಮಾಣ 20,000ಕ್ಕೆ ಒಂದಾದರೆ ನೆತ್ತಿಯ ಪ್ರಮಾಣ ಸುಮಾರು 16,300ಕ್ಕೆ ಒಂದು. ಒಂದೇ ಹಾಳೆ, ಒಂದೇ ಕ್ಷಣ, ಒಂದೇ ಕ್ಯಾಮೆರಾ. ಆದರೂ ಚಿತ್ರದ ಒಂದು ಚದರ ಸೆಂಟಿಮೀಟರು ಬಯಲಿನಲ್ಲಿ ಹತ್ತು ಎಕರೆಗೆ ತುಸು ಕಡಮೆ, ಬೆಟ್ಟದ ಮೇಲೆ ಆರೂವರೆ ಎಕರೆಗೆ ತುಸು ಹೆಚ್ಚು. ಇಳಿಜಾರಿನ ಒಂದೊಂದು ಮೆಟ್ಟಿಲಿಗೂ ಒಂದೊಂದು ಪ್ರಮಾಣ. ಆದಕಾರಣವೇ ಬಲ್ಲವರು ಈ ಚಿತ್ರದ ಪ್ರಮಾಣವಿಷ್ಟು ಎಂದು ಖಂಡಿತವಾಗಿ ನುಡಿಯದೆ, ಇಂಥ ಎತ್ತರದಲ್ಲಿ ಇಷ್ಟು, ಸರಾಸರಿಗೆ ಇಷ್ಟು ಎಂದು ಅಳೆದು ನುಡಿಯುತ್ತಾರೆ. ಕೊಡಗಿನಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಕಾಫಿತೋಟಗಳು ಇರುವುದೇ ಇಳಿಜಾರಿನಲ್ಲಿ. ಅಲ್ಲಿನ ತೋಟವೊಂದರ ವಿಸ್ತೀರ್ಣವನ್ನು ಬರಿಯ ಒಂದು ವಿಮಾನಚಿತ್ರದಿಂದ ಗುಂಟೆಗಳವರೆಗೆ ನಿರ್ಣಯಿಸುತ್ತೇನೆಂದು ಹೊರಡುವವನ ಧೈರ್ಯವನ್ನು ಮೆಚ್ಚಬಹುದು, ಲೆಕ್ಕವನ್ನು ಮೆಚ್ಚಲಾಗದು. ಉಪಗ್ರಹದ ಮಾತು ಬೇರೆ. 2005ರಲ್ಲಿ ಹಾರಿಸಿದ ನಮ್ಮ ಕಾರ್ಟೊಸ್ಯಾಟ್-1 ಸುತ್ತುತ್ತಿದ್ದುದು 618 ಕಿಲೋಮೀಟರು ಎತ್ತರದಲ್ಲಿ. ಅಷ್ಟು ದೂರದಿಂದ ನೆಟ್ಟಗೆ ಕೆಳಗೆ ನೋಡುವ ಕಣ್ಣಿಗೆ ನಂದಿಬೆಟ್ಟ ತರುವ ಪ್ರಮಾಣಭೇದ ಸಾವಿರಕ್ಕೆ ಒಂದರಷ್ಟೂ ಆಗುವುದಿಲ್ಲ. ನೆಲಕ್ಕೆ ಹತ್ತಿರ ಬಂದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ, ಪ್ರಮಾಣ ಅಸ್ಥಿರವಾಗುತ್ತದೆ.

ಎತ್ತರದ ಅಂಕಿಯನ್ನು ನಂಬದೆ ಪ್ರಮಾಣವನ್ನು ಕಂಡುಹಿಡಿಯುವ ಇನ್ನೊಂದು ದಾರಿಯುಂಟು. ನನಗೆ ಅದೇ ಹೆಚ್ಚು ಪ್ರಿಯವಾದುದು. ಚಿತ್ರದಲ್ಲಿಯೂ ನೆಲದ ಮೇಲೂ ಸಂದೇಹಕ್ಕೆ ಎಡೆಯಿಲ್ಲದಂತೆ ಗುರುತಿಸಬಹುದಾದ ಎರಡು ಬಿಂದುಗಳನ್ನು ಹಿಡಿದು, ಅವುಗಳ ನಡುವಣ ಅಂತರವನ್ನು ಎರಡು ಕಡೆಯೂ ಅಳೆದು ಭಾಗಿಸುವುದು. ನೆಲದ ಮೇಲೆ ಹೋಗಲು ಆಗದಿದ್ದರೆ ಸರ್ವೆ ಆಫ್ ಇಂಡಿಯಾದ 50,000ಕ್ಕೆ ಒಂದರ ನಕ್ಷೆಯಲ್ಲಿ ಅಳೆದರೂ ನಡೆಯುತ್ತದೆ. ಕೆರೆಯ ಏರಿಯ ಎರಡು ತುದಿಗಳು ನಕ್ಷೆಯಲ್ಲಿ 1.64 ಸೆಂಟಿಮೀಟರು ಅಂತರದಲ್ಲಿದ್ದರೆ ನೆಲದ ಮೇಲೆ ಏರಿಯ ಉದ್ದ 820 ಮೀಟರು. ಅದೇ ಏರಿ ಚಿತ್ರದಲ್ಲಿ 4.1 ಸೆಂಟಿಮೀಟರು ಬಂದಿದ್ದರೆ ಪ್ರಮಾಣ 20,000ಕ್ಕೆ ಒಂದು. ಆದರೆ ನಕ್ಷೆಯ ಮೇಲೆ ಅರ್ಧ ಮಿಲಿಮೀಟರು ತಪ್ಪಿದರೆ ನೆಲದ ಮೇಲೆ 25 ಮೀಟರು ತಪ್ಪಿದಂತೆ. ಆದ್ದರಿಂದ ರೇಖೆ ಉದ್ದವಾದಷ್ಟೂ ಒಳ್ಳೆಯದು. ಅನುಭವಿಗಳು ಇನ್ನೂ ಒಂದೆರಡು ಎಚ್ಚರಗಳನ್ನು ಹೇಳುತ್ತಾರೆ. ಎರಡು ಬಿಂದುಗಳೂ ಹೆಚ್ಚುಕಡಮೆ ಒಂದೇ ಮಟ್ಟದಲ್ಲಿರಬೇಕು. ರೇಖೆ ಚಿತ್ರದ ಮಧ್ಯಬಿಂದುವಿನ ಬಳಿ ಹಾದುಹೋಗುವಂತೆ, ಬಿಂದುಗಳು ಅದರ ಎರಡು ಮಗ್ಗುಲಿಗೆ ಬೀಳುವಂತೆ ಆರಿಸಬೇಕು. ಹಾಗೆ ಮಾಡಿದರೆ ಕ್ಯಾಮೆರಾ ಕೊಂಚ ವಾಲಿದ್ದರಿಂದ ಒಂದು ಪಕ್ಕದಲ್ಲಿ ಹಿಗ್ಗಿದುದು ಇನ್ನೊಂದು ಪಕ್ಕದಲ್ಲಿ ಕುಗ್ಗಿ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದು ರೇಖೆ ಸಾಲದು. ಅದಕ್ಕೆ ಅಡ್ಡಲಾಗಿ ಇನ್ನೊಂದನ್ನೂ ಅಳೆಯಬೇಕು. ಎರಡರ ಉತ್ತರಗಳು ಹೊಂದದಿದ್ದರೆ ಅಲ್ಲಿಗೆ ನಿಂತು ಕಾರಣವನ್ನು ಹುಡುಕಬೇಕು.

ಈ ವಿಧಾನದ ಹಿರಿಮೆ ಏನೆಂದರೆ ಅದು ನೆಲವನ್ನು ಮುಟ್ಟುತ್ತದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯನ್ನು ಹಾಸಿ ಒಂದು ಆಧಾರರೇಖೆಯನ್ನು ಅಳೆದನು. ಚೀನಾದ ಚಕ್ರವರ್ತಿಗೆಂದು ಇಂಗ್ಲೆಂಡಿನಿಂದ ಕೊಂಡೊಯ್ದ ಉಪಕರಣಗಳೊಳಗೆ ಸೇರಿದ್ದು, ಅಲ್ಲಿ ಬೇಡವಾಗಿ, ಇಲ್ಲಿಗೆ ಬಂದ ಸರಪಳಿ ಅದು. ಎರಡು ವರ್ಷಗಳ ತರುವಾಯ ಮದರಾಸಿನಲ್ಲಿ ಇನ್ನೊಂದು ಆಧಾರರೇಖೆಯನ್ನು ಅಳೆದು ಆತನು ಆರಂಭಿಸಿದ ತ್ರಿಕೋನಮಾಪನ ಮುಂದೆ ಹಿಮಾಲಯವನ್ನು ಮುಟ್ಟಿತು. ಕೋನಗಳನ್ನು ದೂರದಿಂದ ದುರ್ಬೀನಿನಲ್ಲಿ ನೋಡಿ ಅಳೆಯಬಹುದಾಗಿತ್ತು. ಆದರೆ ಉದ್ದವೆಂಬುದು ಎಲ್ಲಿಯಾದರೂ ಒಂದು ಕಡೆ ಮಣ್ಣಿನ ಮೇಲೆ ಅಡಿ ಅಡಿಯಾಗಿ ಅಳೆದು ತರಬೇಕಾದ ವಸ್ತು. ವಿಮಾನ ಬಂದಮೇಲೂ ಈ ನಿಯಮ ಬದಲಾಗಲಿಲ್ಲ.

ಇನ್ನು ಎತ್ತರದ ವಸ್ತುಗಳು ಚಿತ್ರದಲ್ಲಿ ವಾಲುವ ವಿಚಾರ. ಹಂಪೆಯ ವಿರೂಪಾಕ್ಷ ದೇವಾಲಯದ ಪೂರ್ವದ ಗೋಪುರ ಸುಮಾರು 50 ಮೀಟರು ಎತ್ತರವಿದೆ. ಅದೇ ಆರು ಅಂಗುಲದ ಕ್ಯಾಮೆರಾದಿಂದ ಸಾವಿರ ಮೀಟರು ಮೇಲಿನಿಂದ ತೆಗೆದ ಚಿತ್ರದಲ್ಲಿ ಅದರ ಶಿಖರ ಮಧ್ಯಬಿಂದುವಿನಿಂದ ಹತ್ತು ಸೆಂಟಿಮೀಟರು ದೂರದಲ್ಲಿ ಬಿದ್ದರೆ, ಶಿಖರವು ತನ್ನ ಬುಡದಿಂದ ಹೊರಮುಖವಾಗಿ ಐದು ಮಿಲಿಮೀಟರು ಸರಿದಿರುತ್ತದೆ. ನೆಲದ ಲೆಕ್ಕದಲ್ಲಿ ಅದು 33 ಮೀಟರು. ಗೋಪುರ ರಥಬೀದಿಯ ಮೇಲೆ ಮಲಗಿದಂತೆ ಕಾಣುತ್ತದೆ. ಗೋಪುರವನ್ನು ಯಾರೂ ಒತ್ತುವರಿಯೆಂದು ಕರೆಯಲಾರರು, ನಿಜ. ಆದರೆ ನಾಲ್ಕು ಅಂತಸ್ತಿನ ಕಟ್ಟಡವೊಂದು ಇದೇ ರೀತಿ ಪಕ್ಕದ ರಾಜಕಾಲುವೆಯ ಮೇಲೆ ವಾಲಿದಂತೆ ಕಂಡಾಗ, ಚಿತ್ರದಲ್ಲಿ ತಾರಸಿಯ ಅಂಚು ಎಲ್ಲಿದೆಯೋ ಅಲ್ಲಿಯೇ ಗೋಡೆಯ ಬುಡವೂ ಇದೆಯೆಂದು ಕೆಂಪು ಗೆರೆ ಎಳೆಯುವ ಕೈಯನ್ನು ತಡೆಯುವವರು ಯಾರು?

ಇವೆಲ್ಲ ಹಳೆಯ ಕಾಲದ ತೊಡಕುಗಳು, ಈಗ ಗಣಕಯಂತ್ರ ಎಲ್ಲವನ್ನೂ ತಾನೇ ಸರಿಪಡಿಸುತ್ತದೆ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಅದರಲ್ಲಿ ಸತ್ಯಾಂಶ ಉಂಟು. ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹಾಯ್ದು ಬರುವಂತೆ ಚಿತ್ರಗಳ ಸಾಲನ್ನು ತೆಗೆದು, ನೆಲದ ಮೇಲೆ ನಿಖರವಾಗಿ ಅಳೆದ ಗುರುತುಗಳಿಗೆ ಕಟ್ಟಿ, ನೆಲದ ಏರುತಗ್ಗುಗಳನ್ನು ಕಳೆದು, ಹಾಳೆಯ ಉದ್ದಕ್ಕೂ ಒಂದೇ ಪ್ರಮಾಣವಿರುವಂತೆ ಪರಿಷ್ಕರಿಸಿದ ಚಿತ್ರ ನಕ್ಷೆಗೆ ಸಮಾನವಾದುದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಗಳ ಮೇಲೆ ಡ್ರೋನ್ ಹಾರಿಸಿ ತಯಾರಿಸುವುದು ಇಂಥ ಪರಿಷ್ಕೃತ ಚಿತ್ರಗಳನ್ನೇ. ಮೊದಲ ಹಂತದಲ್ಲಿ ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಲ್ಲಿ ನಾನು ಮೆಚ್ಚುವ ಸಂಗತಿ ಡ್ರೋನಿನದಲ್ಲ, ಸುಣ್ಣದ್ದು. ಡ್ರೋನ್ ಏರುವ ಮೊದಲು ಸಿಬ್ಬಂದಿಯವರು ಮನೆಯ ಯಜಮಾನರನ್ನೂ ನೆರೆಯವರನ್ನೂ ನಿಲ್ಲಿಸಿಕೊಂಡು ಸ್ವತ್ತಿನ ಎಲ್ಲೆಯ ಉದ್ದಕ್ಕೂ ಸುಣ್ಣದ ಪುಡಿಯ ಬಿಳಿಯ ಗೆರೆಯನ್ನು ಎಳೆಯುತ್ತಾರೆ. ಆಕಾಶದ ಕಣ್ಣು ಆ ಗೆರೆಯನ್ನು ಓದುತ್ತದೆಯೇ ಹೊರತು ಎಲ್ಲೆಯನ್ನು ತಾನಾಗಿ ಕಾಣುವುದಿಲ್ಲ. ಮಲೆನಾಡಿನ ಹೆಂಚಿನ ಮನೆಯ ಸೂರು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿರುತ್ತದೆಂಬುದನ್ನು ಬಲ್ಲವರಿಗೆ ಈ ಸುಣ್ಣದ ಗೆರೆಯ ಬೆಲೆ ತಿಳಿಯುತ್ತದೆ. ಮೇಲಿನಿಂದ ಕಾಣುವುದು ಸೂರು, ಕೆಳಗೆ ಇರುವುದು ಗೋಡೆ. ಪರಿಷ್ಕೃತ ಚಿತ್ರದಲ್ಲಿಯೂ ಸಾಮಾನ್ಯವಾಗಿ ಸರಿಪಡಿಸಿರುವುದು ನೆಲದ ಏರುತಗ್ಗನ್ನು ಮಾತ್ರ. ಕಟ್ಟಡದ ನೆತ್ತಿ ಮೊದಲಿನಂತೆಯೇ ವಾಲಿರುತ್ತದೆ.

ಆದರೆ ಸಾರ್ವಜನಿಕರ ಕಣ್ಣಿಗೆ ಬೀಳುವ ಚಿತ್ರಗಳಲ್ಲಿ ಹೆಚ್ಚಿನವು ಇಂಥವಲ್ಲ. ಮದುವೆಯ ಚಿತ್ರೀಕರಣಕ್ಕೆ ಬಂದ ಡ್ರೋನನ್ನೇ ಕೆರೆಯ ಕಡೆಗೆ ತಿರುಗಿಸಿ ತೆಗೆದಂಥವು. ಸಾಧಾರಣ ಡ್ರೋನ್ ತನ್ನ ಪರದೆಯ ಮೇಲೆ ತೋರಿಸುವ ಎತ್ತರ ಸಮುದ್ರಮಟ್ಟದಿಂದಲೂ ಅಲ್ಲ, ಕೆಳಗಿನ ನೆಲದಿಂದಲೂ ಅಲ್ಲ, ತಾನು ಹೊರಟ ಜಾಗದಿಂದ. ಕೆರೆಯ ಏರಿಯ ಮೇಲೆ ನಿಂತು ಹಾರಿಸಿದಾಗ ಪರದೆ 100 ಮೀಟರು ಎನ್ನುತ್ತದೆ. ಏರಿಯ ಕೆಳಗಿನ ಅಚ್ಚುಕಟ್ಟಿನ ಗದ್ದೆ ಹತ್ತು ಮೀಟರು ತಗ್ಗಿನಲ್ಲಿದ್ದರೆ ಅದರ ಮೇಲೆ ಬಂದಾಗ ನಿಜವಾದ ಎತ್ತರ 110. ಪರದೆಯ ಅಂಕಿಯನ್ನೇ ಹಿಡಿದು ಒಂದೇ ಚಿತ್ರದಿಂದ ಲೆಕ್ಕ ಹಾಕಿದರೆ 3 ಎಕರೆ 1 ಗುಂಟೆಯ ಗದ್ದೆ 2 ಎಕರೆ 20 ಗುಂಟೆಯೆಂದು ಬರುತ್ತದೆ. ಇಪ್ಪತ್ತೊಂದು ಗುಂಟೆ ಎಲ್ಲಿಗೆ ಹೋಯಿತೆಂದು ರೈತ ಕೇಳಿದರೆ ತೋರಿಸಲು ಯಾರ ಬಳಿಯೂ ಏನೂ ಇಲ್ಲ. ಗಣಕಯಂತ್ರ ಮಾತ್ರ ಆ ತಪ್ಪು ಅಂಕಿಯನ್ನು ದಶಮಾಂಶದ ಎರಡು ಸ್ಥಾನಗಳವರೆಗೆ ಬರೆದು ಕೊಟ್ಟಿರುತ್ತದೆ. ದಶಮಾಂಶವನ್ನು ಕಂಡರೆ ನಮ್ಮ ಕಚೇರಿಗಳಿಗೆ ಇರುವ ಭಕ್ತಿ ದೊಡ್ಡದು. ಇನ್ನು ದಿಗಂತ ಕಾಣುವಂತೆ ಓರೆಯಾಗಿ ತೆಗೆದ ಸುಂದರವಾದ ಚಿತ್ರಗಳ ಮಾತನ್ನು ಎತ್ತುವುದೇ ಬೇಡ. ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಒಂದು ಪ್ರಮಾಣವಿರುವ ಅವುಗಳಿಂದ ವಿಸ್ತೀರ್ಣವನ್ನು ಹೇಳುವುದು ಜ್ಯೋತಿಷ್ಯಕ್ಕೆ ಹತ್ತಿರವಾದುದು.

ಪತ್ರಿಕೆಗಳ ಹೊಣೆಯೂ ಇಲ್ಲಿ ಕಡಮೆಯಲ್ಲ. ಚಿತ್ರವನ್ನು ಅಂಕಣದ ಅಗಲಕ್ಕೆ ತಕ್ಕಂತೆ ಕುಗ್ಗಿಸಿದೊಡನೆ ಸಂಗಮದೂರದಿಂದ ಬಂದ ಅನುಪಾತ ಕೆಡುತ್ತದೆ. ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಹಿಗ್ಗಿಸಿದಾಗಲಂತೂ ಗಳಿಗೆಗೊಂದು ಪ್ರಮಾಣ. ಚಿತ್ರದೊಳಗೇ ನೂರು ಮೀಟರಿನ ಒಂದು ಗೆರೆಯನ್ನು ಅಚ್ಚುಮಾಡಿದರೆ ಅದು ಚಿತ್ರದೊಡನೆ ಹಿಗ್ಗಿ ಚಿತ್ರದೊಡನೆ ಕುಗ್ಗಿ ಎಂದಿಗೂ ನಿಜವನ್ನೇ ಹೇಳುತ್ತದೆ. ಇಷ್ಟು ಮಾಡಲು ಒಂದು ನಿಮಿಷ ಸಾಕು.

ದೀರ್ಘಕಾಲದವರೆಗೆ ನಮ್ಮ ದೇಶದಲ್ಲಿ ವಿಮಾನಚಿತ್ರಗಳು ರಕ್ಷಣಾ ಇಲಾಖೆಯ ಅಪ್ಪಣೆಯಿಲ್ಲದೆ ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಆಗ ಎತ್ತರವನ್ನೂ ಸಂಗಮದೂರವನ್ನೂ ಕೇಳುವ ಪ್ರಸಂಗವೇ ಇರಲಿಲ್ಲ. 2021ರ ಫೆಬ್ರವರಿಯ ಮಾರ್ಗಸೂಚಿಗಳು ಭೂಮಾಪನವನ್ನೂ ನಕ್ಷೆಗಳನ್ನೂ ಬಹುಮಟ್ಟಿಗೆ ಬಿಡುಗಡೆ ಮಾಡಿದ ಮೇಲೆ ಆ ಮರೆಗೆ ಕಾರಣ ಉಳಿದಿಲ್ಲ. ಆದ್ದರಿಂದ ವಿಮಾನಚಿತ್ರವನ್ನೋ ಡ್ರೋನಿನ ಚಿತ್ರವನ್ನೋ ಆಧರಿಸಿ ಯಾರಿಗಾದರೂ ನೋಟೀಸು ಕೊಡುವಾಗ, ಚಿತ್ರ ತೆಗೆದ ದಿನ, ಸಂಗಮದೂರ, ಹಾರಿದ ಎತ್ತರ ಮತ್ತು ಅದನ್ನು ಎಲ್ಲಿಂದ ಎಣಿಸಲಾಯಿತೆಂಬುದು, ಲೆಕ್ಕಕ್ಕೆ ಹಿಡಿದ ನೆಲದ ಮಟ್ಟ, ಚಿತ್ರ ಪರಿಷ್ಕೃತವೋ ಅಲ್ಲವೋ ಎಂಬುದು, ಪ್ರಮಾಣವನ್ನು ಪರೀಕ್ಷಿಸಲು ನೆಲದ ಮೇಲೆ ಅಳೆದ ರೇಖೆ ಯಾವುದು ಎಂಬುದು, ಇವಿಷ್ಟನ್ನೂ ನೋಟೀಸಿನ ಹಾಳೆಯ ಮೇಲೆಯೇ ಬರೆಯತಕ್ಕದ್ದೆಂದು ಕಂದಾಯ ಇಲಾಖೆ ಒಂದು ಸುತ್ತೋಲೆ ಹೊರಡಿಸಬೇಕು. ಇದು ದೊಡ್ಡ ಖರ್ಚಿನ ಕೆಲಸವಲ್ಲ. ಐದು ಸಾಲಿನ ಬರವಣಿಗೆ. ಬರೆದರೆ ಊರಿನ ಪ್ರೌಢಶಾಲೆಯ ಗಣಿತದ ಮೇಷ್ಟರು ಅರ್ಧ ಗಂಟೆಯಲ್ಲಿ ಆ ಲೆಕ್ಕವನ್ನು ತಾಳೆ ನೋಡಬಲ್ಲರು. ಬರೆಯದೆ ಬಂದ ಚಿತ್ರವನ್ನು ತಹಶೀಲ್ದಾರರು ಕಡತದಲ್ಲಿ ಇರಿಸಿಕೊಂಡು, ಸರ್ವೆಯರನ್ನು ಸ್ಥಳಕ್ಕೆ ಕಳುಹಿಸಿ, ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಎರಡೂ ಪಕ್ಷದವರ ಎದುರಿನಲ್ಲಿ ಅಳತೆ ಮಾಡಿಸಿ, ಆ ತರುವಾಯ ವಿಚಾರಣೆಯನ್ನು ಮುಂದುವರಿಸಲಿ.